ಆಯಾಸವೂ ಖಿನ್ನತೆಯೂ ಒಟ್ಟಿಗಿದ್ದಾಗ ಸಿಬಿಟಿ

ಕಲಬುರಗಿ ಕಡೆಯ ಹುಡುಗ ಹುಡುಗಿಯರು ಸುಸ್ತನ್ನು ಹೇಳಿಕೊಳ್ಳುವ ಎರಡು ಮಾತುಗಳನ್ನು ಆಪ್ತಸಮಾಲೋಚಕರಾದ ನಾವು ಬೇರೆಬೇರೆಯಾಗಿ ಕೇಳಿಸಿಕೊಳ್ಳಬೇಕು. ‘ಮಾಡಬೇಕಂತ ಭಾಳ ಅನಸ್ತದ್ರಿ, ಮೈಯಾಗ ಕಸುವಿಲ್ಲ’ ಎನ್ನುವುದು ದೀರ್ಘಕಾಲದ ಆಯಾಸದ ಕಡೆಗೂ, ‘ಯಾವುದೂ ಮಾಡಬೇಕಂತನೇ ಅನಸಂಗಿಲ್ರಿ’ ಎನ್ನುವುದು ಖಿನ್ನತೆಯ ಕಡೆಗೂ ಬೆರಳು ತೋರಿಸುತ್ತವೆ. ಎರಡನ್ನೂ ಒಬ್ಬರೇ ಹೇಳಿದಾಗ ಕಷ್ಟ ಶುರುವಾಗುತ್ತದೆ. ರಕ್ತಹೀನತೆ ಸಾಮಾನ್ಯವಾಗಿರುವ ನಮ್ಮ ಭಾಗದಲ್ಲಿ ಇದಕ್ಕೂ ಮೊದಲು ಹಿಮೋಗ್ಲೋಬಿನ್, ಥೈರಾಯ್ಡ್, ನಿದ್ದೆ ಇವುಗಳ ವಿಚಾರಣೆ ಆಗಿರಲೇಬೇಕು.

ಅಮೆರಿಕದ ಮನೋವೈದ್ಯ ಆರನ್ ಬೆಕ್ 1960ರ ದಶಕದಲ್ಲಿ ಖಿನ್ನತೆಗೆಂದು ರೂಪಿಸಿದ ಚಿಕಿತ್ಸೆಯಿಂದ ಬೆಳೆದ ಸಿಬಿಟಿಯಲ್ಲಿ (ಕಾಗ್ನಿಟಿವ್ ಬಿಹೇವಿಯರ್ ಥೆರಪಿ, ಅಂದರೆ ಆಲೋಚನೆ ಮತ್ತು ನಡವಳಿಕೆಯನ್ನು ತಿದ್ದಿಕೊಳ್ಳಲು ನೆರವಾಗುವ ಮಾತಿನ ಚಿಕಿತ್ಸೆ), ಮನಸ್ಸು ಬರುವವರೆಗೆ ಕಾಯದೆ ಸಣ್ಣ ಕೆಲಸವೊಂದನ್ನು ಮಾಡಿದರೆ ಹುರುಪು ಹಿಂದಿನಿಂದ ಬರುತ್ತದೆ ಎಂದು ಹೇಳಿಕೊಡುತ್ತಾರೆ. ದೀರ್ಘಕಾಲದ ಆಯಾಸದ ಕಾಯಿಲೆಯಲ್ಲಿ ಇದೇ ಸಲಹೆ ತಿರುಗಿಬೀಳಬಹುದು, ಏಕೆಂದರೆ ಶಕ್ತಿಮೀರಿದ ಶ್ರಮದ ಪರಿಣಾಮ ಕೆಲವು ಗಂಟೆ ಅಥವಾ ಒಂದೆರಡು ದಿನ ತಡವಾಗಿ ಕಾಣಿಸಿಕೊಂಡು, ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಉಳಿಯುತ್ತದೆ.

ಪಿಯುಸಿ ಓದುವ ಒಬ್ಬ ಹುಡುಗಿಯನ್ನು ಊಹಿಸಿಕೊಳ್ಳಿ. ಮೈ ಹಗುರಾಗಿದ್ದ ಒಂದು ದಿನ ಅವಳು ಎರಡು ಮಾದರಿ ಪರೀಕ್ಷೆ ಬರೆದು, ಸಂಜೆ ಗೆಳತಿಯರೊಡನೆ ಶರಣಬಸವೇಶ್ವರ ಜಾತ್ರೆಯನ್ನೂ ಸುತ್ತಿ ಬರುತ್ತಾಳೆ. ಮುಂದಿನ ಮೂರು ದಿನ ಹಾಸಿಗೆ ಬಿಟ್ಟು ಏಳುವುದಿಲ್ಲ. ಇಲ್ಲಿ ಮೊದಲ ಸಾಧನ ದಿನಚರಿಯ ಹಾಳೆ. ಎರಡು ವಾರ ಗಂಟೆಗಂಟೆಗೆ ಬರೆಸಿ, ಕೆಟ್ಟ ದಿನವೂ ಆಗುವಷ್ಟಕ್ಕೇ ಒಳ್ಳೆಯ ದಿನದ ಕೆಲಸವನ್ನು ನಿಲ್ಲಿಸುವುದನ್ನು ಅವಳೊಡನೆ ಕೂತು ಗೊತ್ತುಮಾಡಬೇಕು.

ಆಲೋಚನೆಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ‘ಮಲಗಿದ್ರ ನಾ ಮೈಗಳ್ಳಿ’ ಎಂಬ ಮಾತನ್ನು ಪರೀಕ್ಷೆಗೆ ಒಡ್ಡಬಹುದು: ಟೈಫಾಯಿಡ್ ಬಂದು ಮಲಗಿದ ಗೆಳತಿಗೂ ಹೀಗೇ ಅನ್ನುತ್ತೀಯಾ ಎಂದು ಕೇಳಬಹುದು. ಆದರೆ ‘ಕಸುವಿಲ್ಲ’ ಎಂಬುದು ತಪ್ಪು ಆಲೋಚನೆಯಲ್ಲ. ಅದನ್ನು ತಿದ್ದಲು ಹೊರಟ ಕ್ಷಣವೇ ಅವಳು ನಮ್ಮನ್ನು ನಂಬುವುದನ್ನು ಬಿಡುತ್ತಾಳೆ.

ದೀರ್ಘಕಾಲದ ಆಯಾಸದ ಬಗ್ಗೆ ಹಳೆಯ ನೋಟ್ಸ್ ಇಟ್ಟುಕೊಂಡವರು ಒಂದು ಕಡೆ ಪೆನ್ಸಿಲ್ ಆಡಿಸಿ ತಿದ್ದಿಕೊಳ್ಳಿ. ಚಿಕಿತ್ಸಾ ಮಾರ್ಗಸೂಚಿಗಳನ್ನು ಹೊರಡಿಸುವ ಬ್ರಿಟನ್ನಿನ ನೈಸ್ (NICE) ಸಂಸ್ಥೆ 2007ರಲ್ಲಿ ಸಿಬಿಟಿಯ ಜೊತೆಗೆ ಹಂತಹಂತವಾಗಿ ಹೆಚ್ಚಿಸುವ ವ್ಯಾಯಾಮವನ್ನೂ ಸೂಚಿಸಿತ್ತು. 2021ರ ಮಾರ್ಗಸೂಚಿಯಲ್ಲಿ ಅಂಥ ವ್ಯಾಯಾಮವನ್ನು ಕೈಬಿಟ್ಟು, ಸಿಬಿಟಿ ಈ ಕಾಯಿಲೆಯನ್ನು ಗುಣಪಡಿಸುವುದಿಲ್ಲ, ಅದರೊಡನೆ ಬಾಳಲು ನೆರವಾಗಬಹುದು ಎಂದಿತು.

ಖಿನ್ನತೆಯ ಸುಳಿವಿದ್ದರೆ ಸಾಯುವ ಯೋಚನೆ ಬರುತ್ತದೆಯೇ ಎಂದು ನೇರವಾಗಿಯೇ ಕೇಳಬೇಕು. ಸರ್ಕಾರದ ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಅದೇ ದಿನಚರಿ ಹಾಳೆಯ ಮೇಲ್ತುದಿಯಲ್ಲಿ ಬರೆದುಕೊಡಬಹುದು. ಖಿನ್ನತೆಗೆ ಬೇಕಾದ ‘ಇಷ್ಟದ ಕೆಲಸ’ವೂ ಅದೇ ಹಾಳೆಯ ಲೆಕ್ಕದೊಳಗೇ ಬರಬೇಕು: ಜಾತ್ರೆಯ ಬದಲು, ಬಿಸಿಲು ಇಳಿದ ಮೇಲೆ ಮಾಳಿಗೆಯಲ್ಲಿ ಗೆಳತಿಯೊಡನೆ ಹತ್ತು ನಿಮಿಷ, ಕೂತುಕೊಂಡೇ.