ಆ ಗೋಡೆಯನ್ನು ಗಡಿಯ ಮೇಲೆ ಎಳೆಯಬೇಡಿ

ಇಪ್ಪತ್ತು ವರ್ಷದಿಂದ ಪತ್ರಿಕೆಗಳಿಗೆ, ಪುಸ್ತಕಗಳಿಗೆ ನಕ್ಷೆ ಮಾಡಿಕೊಡುತ್ತಿದ್ದೇನೆ. ಪ್ಯಾಲೆಸ್ಟೀನ್ ನಕ್ಷೆ ಬೇಕು ಅಂತ ಬಂದವರು ತರುವ ಕರಡು ಪ್ರತಿ ಸಲವೂ ಒಂದೇ ಥರ ಇರುತ್ತದೆ. ಇಸ್ರೇಲ್ ಮತ್ತು ಅದು ಆಕ್ರಮಿಸಿಕೊಂಡಿರುವ ಪ್ಯಾಲೆಸ್ಟೀನಿಯನ್ನರ ನೆಲವಾದ ವೆಸ್ಟ್ ಬ್ಯಾಂಕ್ ನಡುವೆ ಗಡಿ ಅಂತ ಒಂದು ಚುಕ್ಕಿ ಗೆರೆ, ಅದರ ಮೇಲೇ ಒಂದು ದಪ್ಪ ಕಪ್ಪು ಗೆರೆ, ಪಕ್ಕದಲ್ಲಿ 'ಗೋಡೆ' ಎಂಬ ಬರಹ. ನಾನು ಅಳಿಸಿ ತಿದ್ದಿ ಕೊಡುತ್ತೇನೆ. ಮುಂದಿನ ಸಲ ಇನ್ನೊಬ್ಬರು ಅದನ್ನೇ ತರುತ್ತಾರೆ. ಇಸ್ರೇಲ್ ಕಟ್ಟಿದ ಆ ಗೋಡೆ ಗಡಿಯ ಮೇಲಿಲ್ಲ. ಉಳಿದಿದ್ದೆಲ್ಲ ಮರೆತರೂ ಸರಿ, ಇದೊಂದನ್ನು ನೆನಪಿಟ್ಟುಕೊಳ್ಳಿ.

ಹೋದ ವರ್ಷ ನಮ್ಮಲ್ಲಿ ಕೆಲಸ ಕಲಿಯಲು ಬಂದ ಹುಡುಗನೂ ಹೀಗೇ ಮಾಡಿದ. ಒಳ್ಳೆಯ ಕೈ ಅವನದು, ಬೈಯಲು ಮನಸ್ಸಾಗಲಿಲ್ಲ. ಹೊಲಿಗೆ ದಾರದ ಉಂಡೆ ಕೊಟ್ಟು ಕೂರಿಸಿದೆ. ದೊಡ್ಡ ನಕ್ಷೆಯಲ್ಲಿ 1949ರ ಕದನವಿರಾಮ ರೇಖೆ ಇದೆಯಲ್ಲ, ಹಸಿರು ರೇಖೆ ಅನ್ನುತ್ತಾರೆ, ಗಡಿ ಅಂತ ನಾವು ಎಳೆಯುವ ಚುಕ್ಕಿ ಗೆರೆ ಅದೇ, ಅದರ ಉದ್ದಕ್ಕೂ ದಾರ ಇಟ್ಟು ಕತ್ತರಿಸು ಅಂದೆ. ಆಮೇಲೆ ಗೋಡೆಯ ಗೆರೆ ಮೇಲೆ ಇನ್ನೊಂದು ದಾರ, ಕಟ್ಟಿರುವುದು, ಕಟ್ಟಬೇಕೆಂದು ಗುರುತು ಮಾಡಿರುವುದು ಎರಡೂ ಸೇರಿ. ಎರಡು ದಾರವನ್ನೂ ಎಳೆದು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟ. ಮೊದಲನೆಯದು ಸುಮಾರು 320 ಕಿ.ಮೀ.ಗೆ ಸಮ. ಎರಡನೆಯದು ಸುಮಾರು 710.

"ಮೇಡಂ, ಅದೇ ಗೆರೆ ಮೇಲೆ ಹೋಗಿದ್ದರೆ ಇಷ್ಟು ಉದ್ದ ಹೇಗಾಗುತ್ತೆ?" ಅಂದ.

ಆಗುವುದಿಲ್ಲ. ಗೋಡೆಯ ದಾರಿಯಲ್ಲಿ ಸುಮಾರು 85% ಭಾಗ ಇರುವುದು ವೆಸ್ಟ್ ಬ್ಯಾಂಕಿನ ಒಳಗೆ. ಅಲ್ಲಿ ಇಸ್ರೇಲಿಗಳು ಕಟ್ಟಿಕೊಂಡಿರುವ ಊರುಗಳನ್ನು, ಅಂದರೆ ವಸಾಹತುಗಳನ್ನು, ಇಸ್ರೇಲಿನ ಕಡೆ ಸೇರಿಸಿಕೊಳ್ಳಲು ಅದು ಒಳಗೆ ನುಗ್ಗುತ್ತದೆ, ಸುತ್ತು ಹಾಕಿ ಮತ್ತೆ ಹೊರಗೆ ಬರುತ್ತದೆ. ಏರಿಯಲ್ ಎಂಬ ವಸಾಹತಿಗಾಗಿ ಯೋಜನೆಯಲ್ಲಿ 20 ಕಿ.ಮೀ.ಗೂ ಜಾಸ್ತಿ ಒಳಗೆ ಹೋಗಿದೆ. ಇನ್ನೂ ಒಂದು ಮಾತು, 'ಗೋಡೆ' ಅಂದರೂ ಬಹುಪಾಲು ಅದು ತಂತಿ ಬೇಲಿ, ಕಂದಕ, ಗಸ್ತಿನ ರಸ್ತೆ. ಎಂಟು ಮೀಟರ್ ಎತ್ತರದ ಕಾಂಕ್ರೀಟ್ ಇರುವುದು ಊರುಗಳ ಹತ್ತಿರ. ಈ ಅಂಕಿಗಳನ್ನು ಸುಮಾರು ಎಂದೇ ಓದಿಕೊಳ್ಳಿ, ಏಕೆಂದರೆ ದಾರಿ ಹಲವು ಸಲ ಬದಲಾಗಿದೆ, ಮೂರರಲ್ಲಿ ಎರಡು ಭಾಗದಷ್ಟು ಮಾತ್ರ ಕಟ್ಟಿ ಮುಗಿದಿದೆ.

ಇಷ್ಟು ಹೇಳಿದ ಮೇಲೆ ಯಾರಾದರೂ ಕೇಳಿಯೇ ಕೇಳುತ್ತಾರೆ, ಅವರ ರಕ್ಷಣೆಗೆ ಅವರು ಬೇಲಿ ಹಾಕಿಕೊಂಡರೆ ತಪ್ಪೇನು? ಕೆಲಸ ಶುರುವಾಗಿದ್ದು 2002ರಲ್ಲಿ. ಆಗ ಬಸ್ಸುಗಳಲ್ಲಿ, ಹೋಟೆಲುಗಳಲ್ಲಿ ಆತ್ಮಾಹುತಿ ಬಾಂಬಿಗೆ ಸಿಕ್ಕಿ ಇಸ್ರೇಲಿನ ಎಷ್ಟೋ ಜನ ಸತ್ತರು. ಆ ದುಃಖವನ್ನು ನಾನು ಹಗುರ ಮಾಡುತ್ತಿಲ್ಲ. ಆದರೆ ಬೇಲಿ ಬೇಕೇ ಎಂಬುದು ಒಂದು ಪ್ರಶ್ನೆ, ಅದು ಯಾರ ಹೊಲದಲ್ಲಿ ಎಂಬುದು ಇನ್ನೊಂದು. 2004ರ ಜುಲೈ 9ರಂದು ಅಂತರರಾಷ್ಟ್ರೀಯ ನ್ಯಾಯಾಲಯ ಕಾನೂನಿಗೆ ವಿರುದ್ಧ ಎಂದು ಅಭಿಪ್ರಾಯ ಕೊಟ್ಟದ್ದು ಆಕ್ರಮಿತ ನೆಲದ ಮೇಲಿನ ಭಾಗದ ಬಗ್ಗೆ. ಇಸ್ರೇಲಿನ ಸ್ವಂತ ನೆಲದ ಮೇಲಿರುವ ಭಾಗವನ್ನು ಅದು ಪರಿಶೀಲಿಸಲೇ ಇಲ್ಲ. ಇಸ್ರೇಲಿನ ಸುಪ್ರೀಂ ಕೋರ್ಟ್ ಕೂಡ ಕೆಲವು ಕಡೆ ದಾರಿ ಬದಲಿಸಲು ಹೇಳಿದೆ. ಬಿಲಿನ್ ಎಂಬ ಹಳ್ಳಿಯ ವಿಷಯದಲ್ಲಿ 2007ರಲ್ಲಿ ತೀರ್ಪು ಬಂತು, ಬೇಲಿ ಹಿಂದೆ ಸರಿದದ್ದು 2011ರಲ್ಲಿ.

ಗೋಡೆ ಗಡಿಯ ಮೇಲೆ ನಿಂತಿದ್ದರೆ ಈ ಕಡೆ ಪ್ಯಾಲೆಸ್ಟೀನಿಯನ್ನರು, ಆ ಕಡೆ ಇಸ್ರೇಲಿಗಳು ಅಂತ ಹೇಳಬಹುದಿತ್ತು. ಒಳಗೆ ಬಂದದ್ದರಿಂದ ಅದು ಪ್ಯಾಲೆಸ್ಟೀನಿಯನ್ನರನ್ನೇ ಪ್ಯಾಲೆಸ್ಟೀನಿಯನ್ನರಿಂದ ಬೇರೆ ಮಾಡಿದೆ. ಕಲ್ಕಿಲ್ಯಾ ಊರನ್ನು ಅದು ಹೆಚ್ಚುಕಮ್ಮಿ ಎಲ್ಲ ಕಡೆಯಿಂದ ಸುತ್ತಿಕೊಂಡಿದೆ. ಪಕ್ಕದ ಹಬ್ಲಾ ಇನ್ನೊಂದು ಸುತ್ತಿನೊಳಗಿದೆ. ನಡೆದು ಹೋಗುವಷ್ಟು ಹತ್ತಿರದ ಊರುಗಳು, ಈಗ ಅವುಗಳ ನಡುವೆ ನೆಲದಡಿಯ ರಸ್ತೆ ಇದೆ. ಕಫರ್ ಅಕಬ್ ಬಡಾವಣೆಯದು ಇನ್ನೂ ವಿಚಿತ್ರ. ಅದು ಜೆರುಸಲೇಂ ನಗರಸಭೆಯ ಮಿತಿಯೊಳಗಿದೆ, ಜನ ನಗರಸಭೆಗೆ ತೆರಿಗೆ ಕಟ್ಟುತ್ತಾರೆ, ಆದರೆ ಮನೆ ಗೋಡೆಯ ಆಚೆ. ತಮ್ಮದೇ ನಗರದ ಶಾಲೆಗೆ, ಆಸ್ಪತ್ರೆಗೆ ಹೋಗಲು ಕಲಂದಿಯಾ ಚೆಕ್‌ಪೋಸ್ಟಿನ ಸಾಲಿನಲ್ಲಿ ನಿಲ್ಲಬೇಕು.

ಮಂಗಳೂರಿನ ಪರಿಚಯದ ಟೀಚರ್ ಒಬ್ಬರು ಚರ್ಚಿನವರ ಜೊತೆ ಪುಣ್ಯಕ್ಷೇತ್ರ ಪ್ರವಾಸಕ್ಕೆ ಹೋಗಿ ಬಂದಿದ್ದರು. "ನೀವು ಸುಮ್ನೆ ದೊಡ್ಡದು ಮಾಡ್ತೀರಿ, ಬೆತ್ಲೆಹೆಮ್‌ಗೆ ನಮ್ಮ ಬಸ್ಸು ಹತ್ತು ನಿಮಿಷದಲ್ಲಿ ದಾಟಿತು" ಅಂದರು. ನಿಜ, ಪ್ರವಾಸಿಗಳ ಬಸ್ಸು ದಾಟುತ್ತದೆ. ಬೆತ್ಲೆಹೆಮ್‌ನಿಂದ ಜೆರುಸಲೇಂ ಹತ್ತು ಕಿ.ಮೀ.ಯೂ ಇಲ್ಲ, ಆದರೆ ವೆಸ್ಟ್ ಬ್ಯಾಂಕಿನ ಹಸಿರು ಗುರುತು ಚೀಟಿ ಇರುವವರು ಹೋಗಬೇಕಾದರೆ ಸಾಮಾನ್ಯವಾಗಿ ಇಸ್ರೇಲಿನ ಪರ್ಮಿಟ್ ಬೇಕು. ಅವರಿಗೆ ಜೆರುಸಲೇಂ ಬೇಡ, ಉತ್ತರದ ರಮಲ್ಲಾಗೆ ಹೋಗಬೇಕು ಅಂದುಕೊಳ್ಳಿ. ಅದೂ ವೆಸ್ಟ್ ಬ್ಯಾಂಕೇ. ಆದರೂ ನೇರ ದಾರಿ ಇಲ್ಲ. ಪೂರ್ವಕ್ಕೆ ಸುತ್ತಿ ವಾದಿ ನಾರ್ ಕಣಿವೆಯ ಕಡಿದಾದ ತಿರುವುಗಳನ್ನು ಇಳಿದು ಹತ್ತಬೇಕು. ಆ ಹೆಸರಿನ ಅರ್ಥ ಬೆಂಕಿಯ ಕಣಿವೆ. ಟೀಚರ್ ಸ್ವಲ್ಪ ಹೊತ್ತು ಸುಮ್ಮನಿದ್ದರು. ಅವರು ಅಲ್ಲಿ ಆಲಿವ್ ಮರದಲ್ಲಿ ಕೆತ್ತಿದ ಗೋದಲಿ ಕೊಂಡಿದ್ದರು. "ಹಾಗಾದರೆ ಆ ಅಂಗಡಿಯವರು ಯೇಸುವಿನ ಸಮಾಧಿಯ ಚರ್ಚಿಗೆ ಹೋಗಬೇಕಾದರೂ ಪರ್ಮಿಟ್ ಕೇಳಬೇಕಾ?" ಅಂದರು. ಕೇಳಬೇಕು. ಕೊಟ್ಟರೆ ಹೋಗಬಹುದು.

ನನಗೆ ಜಾಸ್ತಿ ಸಂಕಟವಾಗುವುದು ರೈತರದು. ಹಸಿರು ರೇಖೆಗೂ ಗೋಡೆಗೂ ನಡುವೆ ಸಿಕ್ಕ ಪಟ್ಟಿಯಿದೆಯಲ್ಲ, 2003ರಿಂದ ಅದರಲ್ಲಿ ಬಹಳಷ್ಟು ಭಾಗ ಸೇನೆ ಮುಚ್ಚಿದ ಪ್ರದೇಶ. ಅಲ್ಲಿ ಮನೆ ಇರುವವರು ತಮ್ಮ ಮನೆಯಲ್ಲಿ ಇರುವುದಕ್ಕೇ ಪರ್ಮಿಟ್ ಪಡೆಯಬೇಕು. ಈಚೆ ಮನೆ, ಆಚೆ ತೋಟ ಇರುವ ಊರುಗಳು ನೂರೈವತ್ತರ ಹತ್ತಿರ. ಬೇಲಿಯಲ್ಲಿ ಗೇಟುಗಳಿವೆ. ಕೆಲವು ದಿನವೂ ಸ್ವಲ್ಪ ಹೊತ್ತು ತೆಗೆಯುತ್ತಾರೆ, ಕೆಲವು ವಾರಕ್ಕೆ ಕೆಲವು ದಿನ, ಬಹಳಷ್ಟು ಆಲಿವ್ ಕೊಯ್ಲಿನ ಕೆಲವೇ ವಾರ. ಮರಕ್ಕೆ ಕೊಯ್ಲೊಂದೇ ಸಾಕಾ? ಉಳಬೇಕು, ಕಳೆ ತೆಗೆಯಬೇಕು, ಕೊಂಬೆ ಸವರಬೇಕು. 2023ರ ಅಕ್ಟೋಬರ್ ನಂತರ ಎಷ್ಟೋ ಗೇಟುಗಳು ಕೊಯ್ಲಿಗೂ ತೆರೆಯಲಿಲ್ಲ.

ನಮ್ಮ ಹುಡುಗ ಹೊಸದಾಗಿ ಎಳೆದ ನಕ್ಷೆಯಲ್ಲಿ ಎರಡು ಗೆರೆಗಳೂ ಬೇರೆ ಬೇರೆ ಬಂದಿವೆ. ಗೇಟುಗಳನ್ನು ಸಣ್ಣ ಸಣ್ಣ ವೃತ್ತ ಹಾಕಿ ತೋರಿಸಿದ್ದಾನೆ. ಇದು ತಪ್ಪು ಹೇಳುತ್ತೆ ಕಣೋ, ನೋಡಿದವರಿಗೆ ಎಲ್ಲವೂ ತೆರೆದೇ ಇವೆ ಅನ್ನಿಸುತ್ತೆ ಅಂದೆ. ಈಗ ದಿನವೂ ತೆರೆಯುವ ಗೇಟಿಗೊಂದು ಬಣ್ಣ, ವಾರಕ್ಕೆ ಕೆಲವು ದಿನ ತೆರೆಯುವುದಕ್ಕೊಂದು, ಕೊಯ್ಲಿಗೆ ಮಾತ್ರ ತೆರೆಯುವುದಕ್ಕೊಂದು ಅಂತ ಮತ್ತೆ ತುಂಬುತ್ತಿದ್ದಾನೆ.