ಎತ್ತಿನ ಗಾಡಿ ಕಟ್ಟಿ ಅಮೆರಿಕದ ಪಶ್ಚಿಮಕ್ಕೆ ಹೊರಟವರು ದಾರಿಯಲ್ಲಿ ಸತ್ತದ್ದು ಯಾತರಿಂದ?

ಓದುಗರ ಪ್ರಶ್ನೆ: ಹಳೆಯ ಹಾಲಿವುಡ್ ಸಿನಿಮಾಗಳಲ್ಲಿ ಬಿಳಿ ಬಟ್ಟೆಯ ಕಮಾನು ಹೊದಿಸಿದ ಗಾಡಿಗಳು ಸಾಲಾಗಿ ಹೋಗುತ್ತಿರುತ್ತವೆ. ಗುಡ್ಡದ ಮೇಲಿಂದ ಮೂಲನಿವಾಸಿಗಳು ಕುದುರೆ ಏರಿ ಬಂದು ಮುಗಿಬೀಳುತ್ತಾರೆ. ಆ ವಲಸಿಗರಲ್ಲಿ ಹೆಚ್ಚಿನವರು ಸತ್ತದ್ದು ನಿಜಕ್ಕೂ ಇಂಥ ದಾಳಿಗಳಲ್ಲೇ?

ಅಲ್ಲ. ಅವರನ್ನು ಕೊಂದದ್ದು ಮುಖ್ಯವಾಗಿ ಕಾಯಿಲೆ. ಅದು ಬಿಟ್ಟರೆ ಗಾಡಿಯ ಚಕ್ರ, ತುಂಬಿದ ಹೊಳೆ, ಕೈತಪ್ಪಿ ಸಿಡಿದ ತಮ್ಮದೇ ಬಂದೂಕು. 1840ರಿಂದ 1860ರವರೆಗೆ ಸುಮಾರು ಮೂರು ಲಕ್ಷ ಜನ ಆರೆಗಾನ್, ಕ್ಯಾಲಿಫೋರ್ನಿಯಾ, ಯೂಟಾಗಳ ಕಡೆ ಗಾಡಿ ಕಟ್ಟಿದರು. ಇತಿಹಾಸಕಾರರು ದಾಖಲೆಗಳನ್ನು ಜಾಲಾಡಿ ಕೊಟ್ಟಿರುವ ಲೆಕ್ಕದಲ್ಲಿ, ಆ ಅವಧಿಯಲ್ಲಿ ಮೂಲನಿವಾಸಿಗಳ ಕೈಯಲ್ಲಿ ಸತ್ತ ವಲಸಿಗರು 362 ಮಂದಿ. ವಲಸಿಗರ ಕೈಯಲ್ಲಿ ಸತ್ತ ಮೂಲನಿವಾಸಿಗಳು 426. ದಾರಿಯಲ್ಲಿ ಒಟ್ಟು ಸತ್ತವರು 10,000ಕ್ಕೂ ಹೆಚ್ಚು ಎಂಬ ಅಂದಾಜಿನ ಪಕ್ಕದಲ್ಲಿಟ್ಟು ನೋಡಿದರೆ ಸಿನಿಮಾದ ಚಿತ್ರ ಎಷ್ಟು ತಪ್ಪು ಎಂಬುದು ತಿಳಿಯುತ್ತದೆ.

ಆದರೆ ಬರೀ ಅಂಕಿಗಳಿಂದ ಈ ಪ್ರಶ್ನೆ ತೀರುವುದಿಲ್ಲ. ಸೇಗರ್ ಎಂಬ ಒಂದು ಕುಟುಂಬದ ಜೊತೆ ಆ ದಾರಿಯಲ್ಲಿ ನಡೆದು ನೋಡಬೇಕು.

ಹೆನ್ರಿ ಸೇಗರ್ ರೈತ, ಕಮ್ಮಾರಿಕೆಯನ್ನೂ ಬಲ್ಲವನು. ಒಂದು ಕಡೆ ನೆಲೆನಿಲ್ಲುವ ಸ್ವಭಾವವಲ್ಲ. 1838ರಲ್ಲಿ ಒಹಾಯೋ ಬಿಟ್ಟು ಮಿಸೌರಿಗೆ ಬಂದಿದ್ದವನಿಗೆ ಕೆಲವೇ ವರ್ಷಗಳಲ್ಲಿ ಆರೆಗಾನ್ ಕನಸು ಹತ್ತಿತು. ಅಲ್ಲಿನ ಹವೆ ಆರೋಗ್ಯಕ್ಕೆ ಒಳ್ಳೆಯದು ಎಂಬ ಮಾತು ಹೆಂಡತಿ ನಯೋಮಿಯನ್ನೂ ಒಪ್ಪಿಸಿತು. 1844ರ ಏಪ್ರಿಲ್‌ನಲ್ಲಿ ಆರು ಮಕ್ಕಳನ್ನು ಕರೆದುಕೊಂಡು ಹೊರಟಾಗ ನಯೋಮಿ ತುಂಬು ಗರ್ಭಿಣಿ.

ದಾರಿ ಸುಮಾರು 3,200 ಕಿಲೋಮೀಟರ್. ದಿನಕ್ಕೆ ಇಪ್ಪತ್ತು, ಇಪ್ಪತ್ತೈದು ಕಿಲೋಮೀಟರ್ ಸಾಗಿದರೆ ಹೆಚ್ಚು. ಹುಲ್ಲು ಚಿಗುರುವ ಮೊದಲು ಹೊರಟರೆ ಎತ್ತುಗಳಿಗೆ ಮೇವಿಲ್ಲ, ತಡಮಾಡಿದರೆ ಪಶ್ಚಿಮದ ಬೆಟ್ಟಗಳಲ್ಲಿ ಹಿಮ. ಹಾಗಾಗಿ ಯಾರು ಕಾಯಿಲೆ ಬಿದ್ದರೂ, ಯಾರಿಗೆ ಹೆರಿಗೆಯಾದರೂ ಸಾಲು ಹೆಚ್ಚು ದಿನ ನಿಲ್ಲುವಂತಿರಲಿಲ್ಲ. ಕುದುರೆಗಿಂತ ಎತ್ತನ್ನೇ ಬಹಳ ಜನ ಆರಿಸಿಕೊಂಡರು; ಅಗ್ಗ, ಸಿಕ್ಕ ಹುಲ್ಲು ಮೇಯ್ದು ಬದುಕುತ್ತದೆ. ಗಾಡಿಯಲ್ಲಿ ಹಿಟ್ಟು, ಉಪ್ಪು ಹಚ್ಚಿದ ಹಂದಿಮಾಂಸ, ಕಾಫಿ, ಹಾಸಿಗೆ, ಉಪಕರಣ ಎಲ್ಲ ಸೇರಿ ಒಂದು ಟನ್‌ವರೆಗೆ ಭಾರ. ಕೂರಲು ಜಾಗವಿಲ್ಲ, ಕೂತರೂ ಸ್ಪ್ರಿಂಗ್ ಇಲ್ಲದ ಗಾಡಿಯ ಕುಲುಕಾಟ ತಡೆಯಲಾಗದು. ಹೆಂಗಸರೂ ಮಕ್ಕಳೂ ಬಹುಪಾಲು ದೂರ ನಡೆದೇ ಹೋದರು. ಪ್ಲಾಟ್ ನದಿಯ ಬಯಲಿನಲ್ಲಿ ಸೌದೆಗೆ ಮರವೇ ಇರಲಿಲ್ಲ. ಮಕ್ಕಳು ಕಾಡೆಮ್ಮೆಗಳ ಒಣಗಿದ ಸಗಣಿ ಆಯ್ದು ತರುತ್ತಿದ್ದರು, ನಮ್ಮ ಹಳ್ಳಿಗಳ ಬೆರಣಿಯಂತೆ ಅದೇ ಒಲೆಗೆ ಉರಿ.

ಮೇ ಕೊನೆಯ ಹೊತ್ತಿಗೆ ಏಳನೆಯ ಮಗು ಹುಟ್ಟಿತು. ಬಾಣಂತನ ಗಾಡಿಯಲ್ಲೇ. ಸೌತ್ ಪ್ಲಾಟ್ ನದಿಯ ಬಳಿ ಗಾಡಿ ಮಗುಚಿ ತಾಯಿಗೆ ಪೆಟ್ಟಾಯಿತು. ಬೇಸಿಗೆಯಲ್ಲಿ, ಫೋರ್ಟ್ ಲ್ಯಾರಮಿ ಎಂಬ ವ್ಯಾಪಾರದ ಕೋಟೆ ಮುಟ್ಟುವ ಮೊದಲು, ಒಂಬತ್ತು ವರ್ಷದ ಕ್ಯಾಥರೀನ್ ಸಾಗುತ್ತಿದ್ದ ಗಾಡಿಯಿಂದ ಜಿಗಿಯುವಾಗ ಲಂಗದ ಅಂಚು ಕೊಡಲಿಯ ಹಿಡಿಗೆ ಸಿಕ್ಕಿಕೊಂಡಿತು. ಕೆಳಗೆ ಬಿದ್ದ ಹುಡುಗಿಯ ಕಾಲಿನ ಮೇಲೆ ಚಕ್ರ ಹಾದುಹೋಗಿ ಮೂಳೆ ಮುರಿಯಿತು. ತಂದೆಯೇ ಮೂಳೆ ಕೂಡಿಸಿ ಕಟ್ಟಿದ. ಮಕ್ಕಳು ಚಕ್ರದಡಿ ಸಿಕ್ಕುವುದು ಆ ದಾರಿಯಲ್ಲಿ ಅಪರೂಪವೇನಲ್ಲ. ಕ್ಯಾಥರೀನ್ ಬದುಕಿಕೊಂಡಳು, ಎಷ್ಟೋ ಮಕ್ಕಳು ಬದುಕಲಿಲ್ಲ.

ಆಮೇಲೆ ಜ್ವರ ಬಂತು. ಬಿಡಾರದಿಂದ ಬಿಡಾರಕ್ಕೆ ಅಂಟುತ್ತಿದ್ದ ಈ ಜ್ವರ ಟೈಫಾಯ್ಡ್ ಇರಬೇಕು. ಆಗಸ್ಟ್ ಕೊನೆಯಲ್ಲಿ ಹೆನ್ರಿ ತೀರಿಕೊಂಡ. ಮಕ್ಕಳನ್ನು ನೋಡಿಕೊಳ್ಳಿ ಎಂದು ಗಾಡಿಸಾಲಿನ ಮುಖಂಡ ವಿಲಿಯಂ ಶಾ ಎಂಬವನನ್ನು ಬೇಡಿಕೊಂಡಿದ್ದ. ಅವನನ್ನು ಹೂತದ್ದು ಗ್ರೀನ್ ನದಿಯ ದಂಡೆಯಲ್ಲಿ. ತಿಂಗಳೂ ತುಂಬಿರಲಿಲ್ಲ, ಇಂದಿನ ಐಡಾಹೋ ರಾಜ್ಯದಲ್ಲಿ ಸ್ನೇಕ್ ನದಿಯ ಸೀಮೆಯಲ್ಲಿ ನಯೋಮಿಯೂ ಹೋದಳು. ಏಳು ಮಕ್ಕಳು ಅನಾಥರಾದರು, ಹಿರಿಯ ಜಾನ್‌ಗೆ ಹದಿಮೂರೋ ಹದಿನಾಲ್ಕೋ. ಹಸುಗೂಸನ್ನು ಸಾಲಿನ ಹೆಂಗಸರು ಕೈಯಿಂದ ಕೈಗೆ ಬದಲಿಸುತ್ತ ಸಾಕಿದರು. ಒಬ್ಬ ಜರ್ಮನ್ ವೈದ್ಯ ಗಾಡಿ ಹೊಡೆದ. ನನಗೆ ಇಡೀ ಕಥೆಯಲ್ಲಿ ಅತ್ಯಂತ ದೊಡ್ಡದಾಗಿ ಕಾಣುವುದು ಈ ಜನರ ಒಳ್ಳೆಯತನ. ಅವರಲ್ಲಿ ಯಾರಿಗೂ ಒಂದು ಬಾಯಿ ಹೆಚ್ಚು ಉಣಿಸುವಷ್ಟು ದವಸ ಮಿಕ್ಕಿರಲಿಲ್ಲ.

ಗಮನಿಸಿ, ಇದು ಕಾಲರಾ ಬರುವ ಮುಂಚಿನ ಮಾತು. ಕ್ಯಾಲಿಫೋರ್ನಿಯಾದಲ್ಲಿ ಸಿಕ್ಕ ಚಿನ್ನದ ಸುದ್ದಿ ಹಬ್ಬಿ 1849ರಲ್ಲಿ ಜನ ನುಗ್ಗಿದಾಗ, ಹಬೆದೋಣಿಗಳಲ್ಲಿ ಮಿಸೌರಿಯ ಊರುಗಳಿಗೆ ಬಂದ ಕಾಲರಾ ಗಾಡಿಗಳ ಜೊತೆ ಹೊರಟಿತು. ನದಿಯ ಪಕ್ಕ ತೋಡಿದ ಆಳವಿಲ್ಲದ ಗುಂಡಿಗಳ ನೀರನ್ನು, ಹಿಂದಿನ ಸಾವಿರಾರು ಜನ ಮಲಮೂತ್ರ ಬಿಟ್ಟುಹೋದ ಜಾಗದಲ್ಲೇ, ಕುದಿಸದೆ ಕುಡಿಯುತ್ತಿದ್ದರು. ಬೆಳಿಗ್ಗೆ ನಡೆಯುತ್ತಿದ್ದವರನ್ನು ಸಂಜೆಗೆ ಹೂಳಬೇಕಾಗುತ್ತಿತ್ತು. ನೀರೇ ಕಾರಣ ಎಂಬುದು ಅವರಿಗೆ ಗೊತ್ತಿರಲಿಲ್ಲ; ಲಂಡನ್ನಿನಲ್ಲಿ ವೈದ್ಯ ಜಾನ್ ಸ್ನೋ ಬೀದಿಯ ನೀರಿನ ಪಂಪಿಗೂ ಕಾಲರಾಕ್ಕೂ ಇರುವ ನಂಟನ್ನು ತೋರಿಸಿದ್ದು 1854ರಲ್ಲಿ. ಅದೇ ಕಾಲರಾ ಬಯಲಿನ ಷೈಯೆನ್, ಪಾನೀ ಜನಾಂಗಗಳಲ್ಲಿ ಊರಿಗೆ ಊರನ್ನೇ ಬಲಿತೆಗೆದುಕೊಂಡಿತು. ಅದನ್ನು ಯಾವ ಸಿನಿಮಾ ತೋರಿಸಿತು?

ಸೇಗರ್ ಮಕ್ಕಳು ಆ ಶರತ್ಕಾಲದಲ್ಲಿ ಇಂದಿನ ವಾಷಿಂಗ್ಟನ್ ರಾಜ್ಯದ ವಾಲಾ ವಾಲಾ ಸಮೀಪದ ವೈಯಿಲಾಟ್ಪು ಕ್ರೈಸ್ತ ಮಿಷನ್ ತಲುಪಿದರು. ವೈದ್ಯ ಮಾರ್ಕಸ್ ವಿಟ್ಮನ್ ಮತ್ತು ಹೆಂಡತಿ ನಾರ್ಸಿಸಾ ಕೈಯೂಸ್ ಎಂಬ ಮೂಲನಿವಾಸಿ ಜನರ ನಡುವೆ 1836ರಿಂದ ನಡೆಸುತ್ತಿದ್ದ ಮಿಷನ್ ಅದು. ಅವರ ಒಬ್ಬಳೇ ಮಗಳು ಎರಡು ವರ್ಷದವಳಿದ್ದಾಗ ನದಿಯಲ್ಲಿ ಮುಳುಗಿ ಹೋಗಿದ್ದಳು. ಏಳೂ ಮಕ್ಕಳನ್ನು ಅವರು ಮನೆಗೆ ತುಂಬಿಸಿಕೊಂಡರು.

ಈಗ ಪ್ರಶ್ನೆಯ ಕಷ್ಟದ ಭಾಗ. ಈ ಮಕ್ಕಳಲ್ಲಿ ಇಬ್ಬರು ಸತ್ತದ್ದು ಮೂಲನಿವಾಸಿಗಳ ಕೈಯಲ್ಲೇ. 1847ರಲ್ಲಿ ಹೊಸಬರ ಓಡಾಟದ ಜೊತೆ ದಡಾರ ಬಂದು, ಆ ರೋಗವನ್ನು ಎಂದೂ ಕಂಡಿರದ ಕೈಯೂಸ್ ಜನರಲ್ಲಿ ಅರ್ಧದಷ್ಟು ಮಂದಿಯನ್ನು ಕೊಂದಿತು ಎನ್ನುತ್ತಾರೆ. ವಿಟ್ಮನ್ ಬಿಳಿಯರಿಗೂ ಕೈಯೂಸರಿಗೂ ಔಷಧಿ ಕೊಡುತ್ತಿದ್ದ. ಬಿಳಿಯರ ಮಕ್ಕಳಲ್ಲಿ ಹೆಚ್ಚಿನವರು ಏಳುತ್ತಿದ್ದರು, ಕೈಯೂಸ್ ಮಕ್ಕಳು ಸಾಯುತ್ತಿದ್ದರು. ಅವನು ವಿಷ ಹಾಕುತ್ತಿದ್ದಾನೆ ಎಂಬ ಮಾತು ಹಬ್ಬಿತು. ರೋಗಿ ಸತ್ತರೆ ವೈದ್ಯ ಪ್ರಾಣದಿಂದ ಉತ್ತರಿಸಬೇಕಾಗಬಹುದು ಎಂಬುದು ಅವರ ಸಂಪ್ರದಾಯದಲ್ಲಿತ್ತು. ಜೊತೆಗೆ, ವರ್ಷವರ್ಷವೂ ಗಾಡಿಗಳು ಹೆಚ್ಚುತ್ತಿದ್ದವು, ತಮ್ಮ ನೆಲ ಕೈಬಿಡುತ್ತಿದೆ ಎಂಬುದು ಅವರಿಗೆ ಕಣ್ಣಿಗೇ ಕಾಣುತ್ತಿತ್ತು. ನವೆಂಬರ್ 29ರಂದು ದಾಳಿ ಶುರುವಾಯಿತು. ವಿಟ್ಮನ್ ದಂಪತಿ ಕೊಲೆಯಾದರು, ಜಾನ್ ಮತ್ತು ಅವನ ತಮ್ಮ ಫ್ರಾನ್ಸಿಸ್ ಕೂಡ. ಒತ್ತೆಯಲ್ಲಿದ್ದ ಪುಟ್ಟ ಲೂಯಿಸಾ ಕೆಲವೇ ದಿನಗಳಲ್ಲಿ ದಡಾರದಿಂದ ಸತ್ತಳು. ಸುಮಾರು ಒಂದು ತಿಂಗಳ ಮೇಲೆ ತುಪ್ಪಳದ ವ್ಯಾಪಾರ ಮಾಡುತ್ತಿದ್ದ ಹಡ್ಸನ್ಸ್ ಬೇ ಕಂಪನಿಯ ಪೀಟರ್ ಸ್ಕೀನ್ ಆಗ್ಡನ್ ಕಂಬಳಿ, ಅಂಗಿ, ಬಂದೂಕು, ಹೊಗೆಸೊಪ್ಪು ಕೊಟ್ಟು ಉಳಿದ ಒತ್ತೆಯಾಳುಗಳನ್ನು ಬಿಡಿಸಿದ.

ಅಂದರೆ ಈ ಕುಟುಂಬದ ಪಾಲಿಗೆ ಸಿನಿಮಾದವರು ತೋರಿಸುವ ದಾಳಿ ನಡೆದದ್ದು ದಾರಿಯಲ್ಲಲ್ಲ, ನೆಲೆಸಿದ ಮೇಲೆ. ಅದರ ಹಿಂದೆಯೂ ನಿಂತಿದ್ದದ್ದು ಕಾಯಿಲೆ. ಒಂಬತ್ತು ಜನರ ಕುಟುಂಬದಲ್ಲಿ ಮೂವರನ್ನು ರೋಗ ನೇರವಾಗಿ ಕೊಂದಿತು, ಇಬ್ಬರನ್ನು ಬಳಸುದಾರಿಯಲ್ಲಿ.

ಉಳಿದ ನಾಲ್ವರು ಅಕ್ಕತಂಗಿಯರು ಬೇರೆ ಬೇರೆ ಮನೆಗಳಲ್ಲಿ ಬೆಳೆದರು. ಮೇಲೆ ಹೇಳಿದ ಎಷ್ಟೋ ವಿವರ ಇಂದು ನಮಗೆ ಗೊತ್ತಿರುವುದು ಕಾಲು ಮುರಿದುಕೊಂಡಿದ್ದ ಕ್ಯಾಥರೀನ್ 1860ರ ಸುಮಾರಿಗೆ ಎಲ್ಲವನ್ನೂ ಬರೆದಿಟ್ಟದ್ದರಿಂದ. ಕೈಯೂಸರ ಪಾಲಿಗೆ ಬಂದದ್ದು ಯುದ್ಧ. 1850ರ ಜೂನ್‌ನಲ್ಲಿ ಅವರಲ್ಲಿ ಐವರನ್ನು ಆರೆಗಾನ್ ಸಿಟಿಯಲ್ಲಿ ಗಲ್ಲಿಗೇರಿಸಿದರು. 1855ರ ಒಪ್ಪಂದದಲ್ಲಿ ಕೈಯೂಸ್, ಯುಮಟಿಲಾ, ವಾಲಾ ವಾಲಾ ಜನಾಂಗಗಳು 64 ಲಕ್ಷ ಎಕರೆ ಬಿಟ್ಟುಕೊಡಬೇಕಾಯಿತು. ಅವರ ವಂಶಸ್ಥರು ಆರೆಗಾನ್‌ನ ಪೆಂಡಲ್ಟನ್ ಬಳಿ ಇಂದಿಗೂ ಇದ್ದಾರೆ, 1998ರಲ್ಲಿ ತೆರೆದ ತಮ್ಮದೇ ವಸ್ತುಸಂಗ್ರಹಾಲಯದಲ್ಲಿ ಈ ವಲಸೆಯ ಕಥೆಯನ್ನು ತಮ್ಮ ಕಡೆಯಿಂದ ಹೇಳುತ್ತಾರೆ. ಕ್ಯಾಥರೀನ್ ಬರೆದದ್ದನ್ನು ಓದುವವರು ಅದನ್ನೂ ಕೇಳಬೇಕು.