ಪದವಿನಲ್ಲಿ ಕ್ಯಾಮೆರಾ ಹಿಡಿಯುವ ಮುಂಚೆ

ಹಕ್ಕಿ ಫೋಟೋ ಕಲಿಯಲು ಬರುವವರು ಮೊದಲು ಕೇಳುವುದು ಲೆನ್ಸಿನ ಬಗ್ಗೆ. "ಸರ್, 400 ಎಂಎಂ ಸಾಕಾ, 600 ಬೇಕಾ?" ನಾನು ಮದುವೆ ಫೋಟೋ ತೆಗೆದು ಹೊಟ್ಟೆ ಹೊರೆಯುವವನು. ರಜೆ ಸಿಕ್ಕಾಗ ಕಾಸರಗೋಡಿನ ಸುತ್ತಮುತ್ತ ಹೊಸಬರಿಗೆ ಹಕ್ಕಿ ತೋರಿಸುತ್ತೇನೆ, ಕ್ಯಾಮೆರಾ ಹಿಡಿಯಲು ಹೇಳಿಕೊಡುತ್ತೇನೆ. ಅವರಿಗೆಲ್ಲ ನಾನು ಹೇಳುವುದು ಇಷ್ಟೇ: ಲೆನ್ಸ್ ಆಮೇಲೆ ನೋಡೋಣ, ಸದ್ಯಕ್ಕೆ ಒಂದು ಬೈನಾಕ್ಯುಲರ್ ತಗೊಳ್ಳಿ. ಕೆಲವರ ಮುಖ ಸಪ್ಪೆಯಾಗುತ್ತದೆ. ಆಗಲಿ. ಯಾವ ಹಕ್ಕಿ ನಮ್ಮನ್ನು ಎಷ್ಟು ದೂರದವರೆಗೆ ಸಹಿಸುತ್ತದೆ ಅಂತ ಗೊತ್ತಿಲ್ಲದೆ ಲೆನ್ಸ್ ಎಷ್ಟು ಉದ್ದ ಇರಬೇಕು ಅಂತ ಹೇಳುವುದು ಹೇಗೆ?

ಬೈನಾಕ್ಯುಲರಿನ ಮೇಲೆ 8x42 ಅಂತ ಬರೆದಿರುತ್ತದೆ. 8 ಅಂದರೆ ಎಂಟು ಪಟ್ಟು ಹತ್ತಿರ ತೋರಿಸುತ್ತದೆ. 42 ಅಂದರೆ ಮುಂದಿನ ಗಾಜಿನ ಅಗಲ, ಮಿಲಿಮೀಟರ್ ಲೆಕ್ಕದಲ್ಲಿ. 42ನ್ನು 8ರಿಂದ ಭಾಗಿಸಿ. ಐದು ಚಿಲ್ಲರೆ ಮಿಲಿಮೀಟರ್ ಬರುತ್ತದೆ. ನಮ್ಮ ಕಣ್ಣಿಗೆ ಬಂದು ಬೀಳುವ ಬೆಳಕಿನ ಬಿಲ್ಲೆಯ ಅಗಲ ಅದು. ಅಂಗಡಿಯವರು ದೊಡ್ಡದು ಅಂತ ಆಸೆ ತೋರಿಸುವ 20x50ರಲ್ಲಿ ಇದು ಬರೀ ಎರಡೂವರೆ. ನಮ್ಮ ಅಡಿಕೆ ತೋಟದ ಮಬ್ಬಿನಲ್ಲಿ ಕಣ್ಣಿನ ಪಾಪೆ ಅದಕ್ಕಿಂತ ಜಾಸ್ತಿ ಅಗಲವಾಗಿರುತ್ತದೆ. ಹಾಗಾಗಿ ಚಿತ್ರ ಕಪ್ಪುಕಪ್ಪಾಗಿ ಕಾಣುತ್ತದೆ. ಸಾಲದ್ದಕ್ಕೆ ಕೈ ನಡುಕವೂ ಇಪ್ಪತ್ತು ಪಟ್ಟು ದೊಡ್ಡದಾಗುತ್ತದೆ. 8x42 ಸಾಕು, ಧಾರಾಳ ಸಾಕು.

ಹಕ್ಕಿ ನೋಡಲು ಹೊಸಬರು ಸೀದಾ ರಾಣಿಪುರಂ ಬೆಟ್ಟಕ್ಕೆ ಓಡುತ್ತಾರೆ. ಬೆಟ್ಟ ಚಂದವೇ, ಆದರೆ ಕಲಿಯುವುದಕ್ಕೆ ತೋಟವೇ ವಾಸಿ. ಫೆಬ್ರವರಿ ಕಳೆದರೆ ಗುಡ್ಡದ ಮೇಲೆ ಹನಿ ನೀರಿರುವುದಿಲ್ಲ. ಆಗ ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ ನೀರು ಬಂದು ಬೀಳುವ ಸಣ್ಣ ಕೆರೆಯ ಹತ್ತಿರ, ಇಲ್ಲವೇ ಸ್ಪ್ರಿಂಕ್ಲರ್ ತಿರುಗುವ ಕಡೆ ಸುಮ್ನೆ ಕೂತುಬಿಡಿ. ಪಿಕಳಾರ, ಮಡಿವಾಳ, ಕಾಜಾಣ ಎಲ್ಲ ಮೀಯಲು ಬರುತ್ತವೆ. ಚಳಿಗಾಲದಲ್ಲಿ ಬಂದ ನವರಂಗ ಇನ್ನೂ ಹೊರಟಿಲ್ಲದಿದ್ದರೆ ತರಗೆಲೆ ಕೆದಕುವುದೂ ಕಾಣಬಹುದು. ಮುಸ್ಸಂಜೆ ಅದು ಎರಡು ಸ್ವರದ ಸಿಳ್ಳೆ ಹಾಕುತ್ತದೆ. ಒಮ್ಮೆ ಕೇಳಿದರೆ ಮರೆಯುವುದಿಲ್ಲ. ನೀವು ಕದಲದೆ ಕೂತರೆ ಹಕ್ಕಿ ತಾನಾಗಿ ಹತ್ತು ಹೆಜ್ಜೆ ಹತ್ತಿರ ಬರುತ್ತದೆ. ಹಿಂದೆ ಬಿದ್ದು ಹೋದರೆ ಸಿಗುವುದು ಬಾಲದ ಫೋಟೋ.

ತೋಟದ ಬೆಳಕು ಕ್ಯಾಮೆರಾಕ್ಕೆ ಮೋಸ ಮಾಡುತ್ತದೆ. ಕತ್ತಲೆ ಹಿನ್ನೆಲೆಯಲ್ಲಿ ಒಂದು ಬೆಳ್ಳಕ್ಕಿ ನಿಂತಿದೆ ಅಂತಿಟ್ಟುಕೊಳ್ಳಿ. ಕ್ಯಾಮೆರಾ ಆ ಕಪ್ಪನ್ನೆಲ್ಲ ನೋಡಿ ಬೆಳಕು ಕಡಿಮೆಯಾಯಿತು ಅಂದುಕೊಳ್ಳುತ್ತದೆ, ಜಾಸ್ತಿ ಬೆಳಕು ಒಳಗೆ ಬಿಡುತ್ತದೆ. ಹಕ್ಕಿ ಸುಟ್ಟು ಬೆಳ್ಳಗಾಗುತ್ತದೆ, ಒಂದು ಗರಿಯೂ ಬಿಡಿಯಾಗಿ ಕಾಣುವುದಿಲ್ಲ. ಆಗ ಎಕ್ಸ್‌ಪೋಷರನ್ನು ಒಂದು ಸ್ಟಾಪ್ ಇಳಿಸಿ, ಅಂದರೆ ಒಳಗೆ ಬರುವ ಬೆಳಕನ್ನು ಅರ್ಧ ಮಾಡಿ. ತಂತಿಯ ಮೇಲೆ ಬಾನಿಗೆ ಎದುರಾಗಿ ಕೂತ ಕಾಜಾಣಕ್ಕೆ ತಿರುಗಾಮುರುಗಾ: ಒಂದು ಸ್ಟಾಪ್ ಏರಿಸಿ, ಬೇಕಿದ್ದರೆ ಇನ್ನೂ ಸ್ವಲ್ಪ. ಶಟರ್ ಸ್ಪೀಡ್ ಕೂತ ಹಕ್ಕಿಗೆ 1/500 ಸೆಕೆಂಡ್, ಹಾರುವುದಕ್ಕೆ 1/2000ದ ಆಸುಪಾಸು. ಫೋಕಸ್ ಕಣ್ಣಿಗೆ. ಉಳಿದದ್ದು ಅಭ್ಯಾಸದಿಂದ ಬರುತ್ತದೆ.

ಈಗ ಪದವಿಗೆ, ಅಂದರೆ ಮುರಕಲ್ಲಿನ (ಜಂಬಿಟ್ಟಿಗೆಯ) ಬಯಲಿಗೆ ಬರೋಣ. ಕುಂಬಳೆ ಹತ್ತಿರದ ಕಿದೂರಿಗೆ ಹಕ್ಕಿ ನೋಡುವವರು ಎಲ್ಲೆಲ್ಲಿಂದಲೋ ಬರುತ್ತಾರೆ. ಪೈವಳಿಕೆ, ಬದಿಯಡ್ಕ ಕಡೆಯೂ ಮುರಕಲ್ಲಿನ ಬಯಲುಗಳಿವೆ. ಮಳೆಗಾಲದಲ್ಲಿ ಹಸಿರು, ಮಾರ್ಚ್ ಬಂತೆಂದರೆ ಬೆಂಕಿ. ಅಲ್ಲಿಂದ ವಾಪಸ್ ಬಂದವರು ಒಂದು ದೂರು ತರುತ್ತಾರೆ: "ಹೊಸ ಲೆನ್ಸು, ಒಂದೂ ಶಾರ್ಪ್ ಬರಲಿಲ್ಲ." ಫೋಟೋ ತೆಗೆದ ಹೊತ್ತು ನೋಡಿದರೆ ಹತ್ತೂವರೆ, ಹನ್ನೊಂದು. ಲೆನ್ಸಿನ ತಪ್ಪೇನಿಲ್ಲ. ಕಾದ ಕಲ್ಲಿನ ಮೇಲೆ ಬಿಸಿ ಗಾಳಿ ಅಲೆಯಲೆಯಾಗಿ ಏಳುತ್ತದೆ. ಅದರ ಮೂಲಕ ಬರುವ ಬೆಳಕು ಅತ್ತಿತ್ತ ಬಾಗುತ್ತದೆ. ದೂರ ಜಾಸ್ತಿಯಾದಷ್ಟೂ ಕಲಸುವುದು ಜಾಸ್ತಿ. ಎಷ್ಟು ಲಕ್ಷದ ಲೆನ್ಸ್ ತಂದರೂ ಇದಕ್ಕೆ ಮದ್ದಿಲ್ಲ. ಬೆಳಿಗ್ಗೆ ಎಂಟೂವರೆಯೊಳಗೆ ಕೆಲಸ ಮುಗಿಸಿ, ಹೋಟೆಲಿಗೆ ಹೋಗಿ ಎರಡು ಬನ್ಸ್ ತಿನ್ನಿ.

ಬೇಗ ಮುಗಿಸಿ ಎನ್ನಲು ಇನ್ನೊಂದು ಕಾರಣವಿದೆ, ಅದು ಫೋಟೋಕ್ಕಿಂತ ದೊಡ್ಡದು. ಹಳದಿ ಟಿಟ್ಟಿಭ ಮೊಟ್ಟೆಯಿಡುವುದು ಇದೇ ಬಿಸಿಲಿನಲ್ಲಿ, ಇದೇ ಬಯಲಿನಲ್ಲಿ. ಗೂಡು ಅಂತ ಏನೂ ಇಲ್ಲ. ನೆಲದಲ್ಲಿ ಒಂದು ಸಣ್ಣ ತಗ್ಗು, ಸುತ್ತ ನಾಲ್ಕಾರು ಕಲ್ಲಿನ ಚೂರು, ಸಾಮಾನ್ಯವಾಗಿ ನಾಲ್ಕು ಮೊಟ್ಟೆ. ಮಣ್ಣಿನ ಬಣ್ಣ, ಮೇಲೆ ಕಪ್ಪು ಮಚ್ಚೆ. ಕಾಲ ಬುಡದಲ್ಲಿದ್ದರೂ ಕಾಣುವುದಿಲ್ಲ. ಇಲ್ಲಿ ಕಾವು ಕೊಡುವುದಕ್ಕಿಂತ ಬಿಸಿಲಿನಿಂದ ಮೊಟ್ಟೆಯನ್ನು ಕಾಪಾಡುವುದೇ ತಂದೆತಾಯಿಗಳ ಹಗಲಿನ ಕೆಲಸ. ಒಂದು ನಿಂತು ನೆರಳು ಕೊಡುತ್ತದೆ. ನೀರಿದ್ದಲ್ಲಿಗೆ ಹೋಗಿ ಹೊಟ್ಟೆಯ ಗರಿ ನೆನೆಸಿಕೊಂಡು ಬಂದು ಮೊಟ್ಟೆಯ ಮೇಲೆ ಕೂರುವುದೂ ಉಂಟು. ಮೊಟ್ಟೆಯೊಳಗಿನ ಮರಿ 40 ಡಿಗ್ರಿಗಿಂತ ಮೇಲಿನ ಬಿಸಿಯನ್ನು ಬಹಳ ಹೊತ್ತು ತಾಳಲಾರದು. ಬಯಲಿನ ಕಲ್ಲು ಮಧ್ಯಾಹ್ನ ಅದಕ್ಕಿಂತ ಎಷ್ಟೋ ಜಾಸ್ತಿ ಕಾದಿರುತ್ತದೆ. ಈಗ ಒಬ್ಬರು ಟ್ರೈಪಾಡ್ ಊರಿ ಹತ್ತಿರ ನಿಂತರು ಅನ್ನಿ. ಹಕ್ಕಿ ಎದ್ದು ಹೋಯಿತು, ದೂರದಿಂದ ಕೂಗುತ್ತಿದೆ. ಇವರು ಅದು ಬಂದು ಕೂರಲಿ ಅಂತ ಕಾಯುತ್ತಾರೆ. ಇವರು ಹೋಗಲಿ ಅಂತ ಅದೂ ಕಾಯುತ್ತದೆ. ಅಷ್ಟು ಹೊತ್ತೂ ಮೊಟ್ಟೆ ಬಿಸಿಲಿನಲ್ಲಿ.

ಕಾಗೆಯನ್ನೂ ಮರೆಯಬೇಡಿ. ಮನುಷ್ಯ ಬಗ್ಗಿ ಏನೋ ನೋಡಿದ ಜಾಗವನ್ನು ಅದು ನೆನಪಿಟ್ಟುಕೊಳ್ಳುತ್ತದೆ. ನೀವು ಬೈಕ್ ಹತ್ತುವಷ್ಟರಲ್ಲಿ ಅಲ್ಲಿ ಇಳಿದಿರುತ್ತದೆ.

ಹಾಗಾದರೆ ಎಷ್ಟು ದೂರ ನಿಲ್ಲಬೇಕು? ಮೀಟರಿನಲ್ಲಿ ಹೇಳಲು ಬರುವುದಿಲ್ಲ, ಹಕ್ಕಿಯೇ ಹೇಳುತ್ತದೆ. ಮೇಯುತ್ತಿದ್ದದ್ದು ಮೇಯುವುದನ್ನು ಬಿಟ್ಟು ತಲೆ ಎತ್ತಿತಾ? ಅಲ್ಲೇ ನಿಲ್ಲಿ. ಕತ್ತು ಉದ್ದ ಮಾಡಿ ಮೈ ಕುಲುಕಿಸುತ್ತಿದೆಯಾ? ಎರಡು ಹೆಜ್ಜೆ ಹಿಂದೆ ಬನ್ನಿ. ಕೂಗುತ್ತಾ ತಲೆಯ ಮೇಲೆ ಸುತ್ತು ಹಾಕುತ್ತಿದ್ದರೆ ಅಲ್ಲೆಲ್ಲೋ ಮೊಟ್ಟೆಯೋ ಮರಿಯೋ ಇದೆ ಅಂತಲೇ ಲೆಕ್ಕ. ಹುಡುಕಬೇಡಿ. ಕಾಲಿಡುವ ಕಡೆ ನೋಡಿಕೊಂಡು, ಬಂದ ದಾರಿಯಲ್ಲೇ ವಾಪಸ್ ಹೋಗಿ. ಫೋಟೋ ಚಂದ ಬರಲಿ ಅಂತ ಮೊಟ್ಟೆ ಸರಿಸುವುದು, ಹುಲ್ಲು ಕೀಳುವುದು ಮಾಡುವವರಿಗೆ ಒಂದು ಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಅಂದರೆ ಏನು ಎಂದು ವಿವರಿಸುವಾಗ ಕಾಡು ಹಕ್ಕಿಯ ಮೊಟ್ಟೆಗೂ ಗೂಡಿಗೂ ತೊಂದರೆ ಕೊಡುವುದನ್ನೂ ಸೇರಿಸಿದ್ದಾರೆ. ಕೋವಿ ಇಲ್ಲದಿದ್ದರೂ ಅದು ಬೇಟೆಯೇ.

ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯುವ ಚಾಳಿಯೂ ಜಾಸ್ತಿಯಾಗಿದೆ. ಕೂಗು ಕೇಳಿದ ಹಕ್ಕಿ ತನ್ನ ಜಾಗಕ್ಕೆ ಇನ್ನೊಂದು ನುಗ್ಗಿತು ಅಂತ ಜಗಳಕ್ಕೆ ಬರುತ್ತದೆ. ತಿನ್ನುವ ಹೊತ್ತನ್ನು, ಮರಿ ನೋಡುವ ಹೊತ್ತನ್ನು ಇಲ್ಲದ ವೈರಿಗಾಗಿ ಕಳೆಯುತ್ತದೆ. ಮರ್ಲಿನ್ ಆ್ಯಪ್ ಒಳ್ಳೆಯದೇ, ಸುತ್ತಲಿನ ಕೂಗು ಕೇಳಿ ಹೆಸರು ಹೇಳುತ್ತದೆ. ಅದಕ್ಕೆ ಬಳಸಿ. ಹೆಸರನ್ನು ಕಣ್ಣಾರೆ ನೋಡಿ ಖಚಿತ ಮಾಡಿಕೊಳ್ಳಿ, ಅದು ಆಗಾಗ ತಪ್ಪುತ್ತದೆ.

ಕಾಡಂಚಿನ ಕಪ್ಪೆಬಾಯಿ ಹಕ್ಕಿಯ ವಿಷಯದಲ್ಲಿ ನಾನು ಜಾಗ ಕೂಡ ಹೇಳುವುದಿಲ್ಲ, ಎಷ್ಟೇ ಸ್ನೇಹವಿರಲಿ. ಹಗಲಿಡೀ ಒಣಗಿದ ಎಲೆಯ ಹಾಗೆ ಅದು ಕೊಂಬೆಯಲ್ಲಿ ಕೂತಿರುತ್ತದೆ. ಇಡುವುದು ಒಂದೇ ಮೊಟ್ಟೆ, ಹಗಲು ಕಾವಿಗೆ ಕೂರುವುದು ಗಂಡು. ಅಡ್ಡ ಬರುವ ಎರಡು ಕೊಂಬೆಯನ್ನು ಕ್ಯಾಮೆರಾದವರು ಮುರಿದರೆ ಅದಕ್ಕಿದ್ದ ಮರೆಯೇ ಹೋಯಿತು.

ಇಲ್ಲಿನ ಜಾಗವೆಲ್ಲ ಹೆಚ್ಚಾಗಿ ಯಾರದ್ದಾದರೂ ತೋಟ, ಯಾರದ್ದಾದರೂ ಗುಡ್ಡ. ಬೇಲಿ ದಾಟುವ ಮುಂಚೆ ಒಂದು ಮಾತು ಕೇಳಿ. "ಅಕ್ಕ, ಹಕ್ಕಿ ನೋಡ್ಲಿಕ್ಕೆ ಬಂದದ್ದು, ತೋಟಕ್ಕೆ ಹೋಗ್ಬಹುದಾ?" ಅಂದರೆ ಬೇಡ ಅನ್ನುವವರು ಕಡಿಮೆ. "ಎಂತ ಹಕ್ಕಿ ಮಾರಾಯ್ರೆ, ಕೆರೆ ಹತ್ರ ದಿನಾ ಒಂದು ಬರ್ತದೆ" ಅಂತ ಅವರೇ ದಾರಿ ತೋರಿಸುತ್ತಾರೆ. ಈ ಪರಿಚಯಕ್ಕೆ ಬೆಲೆ ಕಟ್ಟಲಾಗದು. 2023ರಲ್ಲಿ ಬಿಳಿ ಹೊಟ್ಟೆಯ ಕಡಲ ಹದ್ದನ್ನು ಕಾಸರಗೋಡಿನ ಜಿಲ್ಲಾ ಪಕ್ಷಿ ಅಂತ ಘೋಷಿಸಿದರು, ಸಂತೋಷವೇ. ಆದರೆ ಅದು ಎತ್ತರದ ಮರದಲ್ಲಿ ಗೂಡು ಕಟ್ಟಿ, ವರ್ಷ ವರ್ಷ ಅದಕ್ಕೇ ಕಡ್ಡಿ ಸೇರಿಸಿಕೊಂಡು ಬರುತ್ತದೆ. ಆ ಮರ ಉಳಿಯುವುದು ಮರದ ಯಜಮಾನರ ಕೈಯಲ್ಲಿದೆ. ಕೆಳಗೆ ಜನ ಗುಂಪು ಸೇರಿ, ಮೇಲೆ ಡ್ರೋನ್ ಹಾರಿಸಿ ಅವರಿಗೆ ರಗಳೆ ಮಾಡಿದರೆ ಅವರಿಗಾದರೂ ಮರ ಯಾಕೆ ಬೇಕು?

ನೋಡಿದ್ದನ್ನು ಬರೆದಿಡಿ. ಹಕ್ಕಿ ನೋಡಿದವರು ತಮ್ಮ ಪಟ್ಟಿ ಸೇರಿಸುವ ಜಾಲತಾಣ ಇ-ಬರ್ಡ್‌ನಲ್ಲಿ ಪಟ್ಟಿ ಹಾಕುವಾಗ ಕಾಗೆ, ಮೈನಾ ಕೂಡ ಬಿಡಬೇಡಿ. 2015ರಿಂದ 2020ರವರೆಗೆ ಕೇರಳದ ಪಕ್ಷಿ ನಕ್ಷೆ ತಯಾರಾದದ್ದು ಹೀಗೆ ಎಣಿಸಿದ ಸ್ವಯಂಸೇವಕರಿಂದಲೇ. ಮಸುಕಾದ ಫೋಟೋ ಆದರೂ ದಿನಾಂಕ, ಜಾಗ ಸರಿ ಇದ್ದರೆ ಅದು ದಾಖಲೆ. ಗೂಡಿನದ್ದಾದರೆ ಮಾತ್ರ ಜಾಗ ಹಾಕಬೇಡಿ.

ಕೊನೆಗೆ ಮಳೆಗಾಲದ ಮಾತು, ಯಾಕೆಂದರೆ ಜೂನ್ ಬಂದರೆ ನನಗೆ ಫೋನ್ ಬರುವುದು ಇದಕ್ಕೇ. ನಮ್ಮ ಕರಾವಳಿಯ ತೇವಕ್ಕೆ ಲೆನ್ಸಿನೊಳಗೆ ಬೂಷ್ಟು ಹಿಡಿಯುತ್ತದೆ. ಬ್ಯಾಗಿನಲ್ಲಿ ಮುಚ್ಚಿಟ್ಟು ಕಪಾಟಿಗೆ ಹಾಕಿದರೆ ಇನ್ನೂ ಬೇಗ, ಬ್ಯಾಗಿನ ಬಟ್ಟೆಯೇ ತೇವ ಹೀರಿ ಇಟ್ಟುಕೊಳ್ಳುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್, ನೂರಿನ್ನೂರು ರೂಪಾಯಿಯ ಒಂದು ತೇವಮಾಪಕ. ಮುಳ್ಳು ಶೇಕಡಾ 40ರಿಂದ 50ರ ನಡುವೆ ಇದ್ದರೆ ಸರಿ. ನೀಲಿ ಹರಳು ಗುಲಾಬಿಯಾದರೆ ಹಳೆಯ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ, ನೀಲಿಗೆ ತಿರುಗುತ್ತದೆ. ಆ ಬಾಣಲೆಯನ್ನು ಮತ್ತೆ ಅಡುಗೆಗೆ ತಗೊಳ್ಳಬೇಡಿ.